ಆ ಡಬ್ಬಿ ಎಲ್ಲಿಗೆ ಹೋಯಿತು?

ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ನನ್ನ ಕಾರು ಲಿಫ್ಟ್ ಏರಿ ನಿಂತಿತ್ತು. 2012ರ ಡೀಸೆಲ್ ಗಾಡಿ, ಮೀಟರಿನಲ್ಲಿ 2 ಲಕ್ಷ 38 ಸಾವಿರ ಕಿಲೋಮೀಟರ್. ದಿಬ್ಬ ಏರುವಾಗ ಎಳೆಯುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ಇಷ್ಟೇ ನನ್ನ ದೂರು. ಮಿಸ್ತ್ರಿ ಕೆಳಗೆ ನಿಂತು, ಸೈಲೆನ್ಸರ್ ಪೈಪು ಶುರುವಾಗುವಲ್ಲಿ ಉಬ್ಬಿಕೊಂಡಿರುವ ಒಂದು ಡಬ್ಬಿಯನ್ನು ಸ್ಪ್ಯಾನರಿನಿಂದ ತಟ್ಟಿದರು. “ಸರ, ಇದು ಸುಮ್ನ ಕುಂತೈತ್ರಿ. ಕೊಯ್ದು ನೆಟ್ಟಗ ಪೈಪ್ ಹಾಕಿ ಕೊಡ್ತೀನಿ. ಗಾಡಿ ಹಗರ ಆಗ್ತೈತಿ, ಪಿಕಪ್ ಬರ್ತೈತಿ. ಮ್ಯಾಲ ಇದನ್ನ ತಗೊಳ್ಳಾಕ ಮಂದಿ ಅದಾರ್‍ರಿ, ನಿಮಗ ರೊಕ್ಕಾನೂ ಸಿಗ್ತೈತಿ” ಎಂದರು. ಆಮೇಲೆ ಇಂಜಿನ್ ಪಕ್ಕದ ಒಂದು ಕವಾಟ ತೋರಿಸಿ, “ಇದಕ್ಕೊಂದು ತಗಡು ಬಡದ್ರ ಮುಗೀತು” ಎಂದು ಸೇರಿಸಿದರು.

ಅವರ ಮಾತಿನಲ್ಲಿ ಮೋಸವಿರಲಿಲ್ಲ. ಮೂವತ್ತು ವರ್ಷ ಡೀಸೆಲ್ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ ಕೈ ಅದು. ಹಾಗೆ ಮಾಡಿಸಿಕೊಂಡ ಗಿರಾಕಿಗಳು ಖುಷಿಯಾಗಿ ಮತ್ತೆ ಅವರಲ್ಲಿಗೇ ಬಂದಿದ್ದಾರೆ. ನಾನು ಬೇಡವೆಂದೆ, ಅವರೂ ಒತ್ತಾಯ ಮಾಡಲಿಲ್ಲ. ಆದರೆ ಗ್ಯಾರೇಜಿನ ಮೂಲೆಯಲ್ಲಿ ಅಂಥವೇ ನಾಲ್ಕು ಡಬ್ಬಿಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳನ್ನು ಕಳೆದುಕೊಂಡ ನಾಲ್ಕು ಗಾಡಿಗಳು ಆ ಹೊತ್ತಿಗೆ ಊರಿನ ಯಾವುದೋ ರಸ್ತೆಯಲ್ಲಿ, ಯಾವುದೋ ಶಾಲೆಯ ಗೇಟಿನ ಮುಂದೆ ಓಡುತ್ತಿದ್ದವು. ಈ ಲೇಖನಕ್ಕೆ ಕಾರಣ ಆ ಮೂಲೆ.

ಡಬ್ಬಿಯ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಹುಟ್ಟಿನಂತೆ ಕೊರೆದ ಸೆರಾಮಿಕ್ ಗಟ್ಟಿ ಇರುತ್ತದೆ. ಅದರಲ್ಲಿ ಚದರ ಇಂಚಿಗೆ ನೂರಾರು ಸಣ್ಣ ಕೊಳವೆಗಳು, ಕೊಳವೆಗಳ ಗೋಡೆಗೆ ಪ್ಲಾಟಿನಂ ಮತ್ತು ಪಲ್ಲಾಡಿಯಂನ ತೆಳು ಲೇಪ. ಬಿಸಿ ಹೊಗೆ ಅದರೊಳಗೆ ಹಾಯುವಾಗ ಇಂಗಾಲದ ಮಾನಾಕ್ಸೈಡ್ ಮತ್ತು ಅರೆಬೆಂದ ಇಂಧನದ ಆವಿ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್, ನೀರಾವಿಗಳಾಗುತ್ತವೆ. ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯವಾದದ್ದು. ಡೀಸೆಲ್ ಮಸಿಯ ಕಣವೆಂದರೆ ಬರಿಯ ಇಂಗಾಲವಲ್ಲ. ಅದರ ಮೈಗೆ ಎಣ್ಣೆಯಂಥ ಜಿಡ್ಡು ಅಂಟಿರುತ್ತದೆ. ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಇರುವುದು ಆ ಜಿಡ್ಡಿನಲ್ಲಿ. ಡಬ್ಬಿ ಸುಡುವುದು ಅದನ್ನು. ಕಣಗಳ ತೂಕದಲ್ಲಿ ಐದನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಹೀಗೆ ಕಡಿಮೆಯಾಗುತ್ತದೆ. ಕರಿಯ ಇಂಗಾಲ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಆಚೆ ಹೋಗುತ್ತದೆ. ಆದ್ದರಿಂದ ಡಬ್ಬಿ ಕೊಯ್ದ ಮೇಲೂ ಹೊಗೆ ಕಣ್ಣಿಗೆ ಮೊದಲಿನಷ್ಟೇ ಕಪ್ಪಾಗಿ ಕಾಣುತ್ತದೆ. ಏನೂ ಕೆಟ್ಟಿಲ್ಲವೆಂದು ಮಾಲೀಕ ನಂಬುತ್ತಾನೆ. ಕಪ್ಪಿನ ಮೇಲಿನ ವಿಷ ಹೆಚ್ಚಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ತಗಡು ಬಡಿಯುವ ಮಾತು ಬಂದದ್ದು ಈಜಿಆರ್ ಕವಾಟಕ್ಕೆ. ಸುಟ್ಟ ಹೊಗೆಯ ಒಂದು ಪಾಲನ್ನು ಅದು ಮತ್ತೆ ಇಂಜಿನ್ನಿನೊಳಕ್ಕೆ ಕಳಿಸುತ್ತದೆ. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಉರಿಯ ಕಾವು ಇಳಿಯುತ್ತದೆ. ಕಾವು ತೀರಾ ಏರಿದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದ ಜೊತೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತದೆ. ಈ ಅನಿಲಗಳು ಉಸಿರಿನ ನಾಳವನ್ನು ಕೆರಳಿಸುತ್ತವೆ, ಬಿಸಿಲಿನಲ್ಲಿ ಓಝೋನ್ ಹುಟ್ಟಿಸುತ್ತವೆ, ಗಾಳಿಯಲ್ಲೇ ನೈಟ್ರೇಟ್ ಆಗಿ ಹೊಸ ಕಣಗಳಾಗುತ್ತವೆ. ಗಾಡಿಯ ಹೊಗೆಯಲ್ಲಿರುವಷ್ಟು ಅಲ್ಪ ಪ್ರಮಾಣದಲ್ಲಿ ಇವು ಕಣ್ಣಿಗೆ ಕಾಣುವಂಥವಲ್ಲ. ತಗಡು ಬಡಿದ ಗಾಡಿಯಲ್ಲಿ ಕಪ್ಪು ಹೊಗೆ ಕಡಿಮೆಯಾಗುವುದೂ ಉಂಟು. ನೋಡಿದವರು ಒಳ್ಳೆಯದಾಯಿತು ಎಂದೇ ತಿಳಿಯುತ್ತಾರೆ.

ಪಿಕಪ್ ನಿಜಕ್ಕೂ ಬರುತ್ತದೆಯೇ? ಡಬ್ಬಿ ಮಸಿ ಕಟ್ಟಿ ಮುಚ್ಚಿಹೋಗಿದ್ದರೆ, ಕವಾಟ ತೆರೆದಲ್ಲೇ ಅಂಟಿಕೊಂಡಿದ್ದರೆ ಬಂದೇ ಬರುತ್ತದೆ. ಆದರೆ ಅವು ಮುಚ್ಚಿಕೊಂಡದ್ದು ರೋಗವಲ್ಲ, ರೋಗದ ಗುರುತು. ಅಷ್ಟು ಮಸಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇಂಜೆಕ್ಟರ್, ಟರ್ಬೊ, ಏರ್ ಫಿಲ್ಟರುಗಳಲ್ಲಿರುತ್ತದೆ. ಅವನ್ನು ಸರಿಪಡಿಸಲು ಹೆಚ್ಚು ದುಡ್ಡು ಬೇಕು, ಡಬ್ಬಿ ಕೊಯ್ದರೆ ದುಡ್ಡು ಕೈಗೆ ಬರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಆಗುತ್ತಿರುವ ತೀರ್ಮಾನಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ. ಡಬ್ಬಿಯೊಳಗಿನ ಅಮೂಲ್ಯ ಲೋಹ ಕೆಲವೇ ಗ್ರಾಂ ಇದ್ದೀತು. ಆದರೂ ಕೊಳ್ಳುವವರಿದ್ದಾರೆ. ಗುಜರಾತ್, ಮಹಾರಾಷ್ಟ್ರಗಳಲ್ಲಿ ನಿಲ್ಲಿಸಿದ ವ್ಯಾನುಗಳ ಸೈಲೆನ್ಸರನ್ನೇ ಬಿಚ್ಚಿಕೊಂಡು ಹೋದ ಪ್ರಕರಣಗಳು ಕೆಲವು ವರ್ಷಗಳ ಹಿಂದೆ ಸಾಲುಸಾಲಾಗಿ ವರದಿಯಾದದ್ದು ಈ ಲೋಹದ ಆಸೆಗೇ.

ಈ ಮಾತನ್ನು ಈಗಲೇ ಹೇಳಬೇಕಾಗಿರುವುದಕ್ಕೆ ಕಾರಣವಿದೆ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯಿತು. ಡೀಸೆಲ್ಲಿನದು ಹೋದದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಎರಡರ ಬೆಲೆಗೂ ಅಜಗಜಾಂತರ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿತ್ತು, ಡೀಸೆಲ್ 41ರ ಒಳಗೇ ಇತ್ತು. ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. 2012-13ರ ಹೊತ್ತಿಗೆ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ನಾನೂ ಹಾಗೆ ಕೊಂಡವನೇ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆ ದೊಡ್ಡ ಅಲೆಯ ಕಾರುಗಳೆಲ್ಲ 2027, 2028, 2029ರಲ್ಲಿ ಒಂದಾದಮೇಲೊಂದು ಆ ಗಡಿ ಮುಟ್ಟುತ್ತವೆ. ಕೆಲವು ಎಫ್‌ಸಿ ಮಾಡಿಸಿಕೊಂಡು ಐದು ವರ್ಷ ಮುಂದುವರಿಯುತ್ತವೆ. ಕೆಲವು ಗುಜರಿ ಸೇರುತ್ತವೆ. ಗುಜರಿ ಸೇರಿದವುಗಳ ಭಾಗಗಳು ಮುಂದುವರಿದವುಗಳ ಹೊಟ್ಟೆ ಸೇರುತ್ತವೆ.

ಇದರ ಜೊತೆಗೆ ಉತ್ತರದಿಂದಲೂ ಗಾಡಿಗಳು ಬರುತ್ತವೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ದೆಹಲಿ ಸುತ್ತಮುತ್ತ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಆಯುಷ್ಯ ಮುಗಿದ ಕಾರುಗಳು ಎನ್‌ಒಸಿ ಪಡೆದು ಬೇರೆ ರಾಜ್ಯಗಳ ದಾರಿ ಹಿಡಿದವು. ನಮ್ಮ ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ‘ಡೆಲ್ಲಿ ಗಾಡಿ’ ಎಂಬುದು ಈಗ ರೂಢಿಯ ಮಾತು.

ಈ ವಯಸ್ಸಿನ ಕಾರು ಹುಟ್ಟಿನಿಂದಲೇ ಎಷ್ಟು ಹೊಗೆ ಬಿಡಬಹುದಿತ್ತು ಎಂಬುದಕ್ಕೆ ಅಂಕಿಗಳಿವೆ. ಬಿಎಸ್-4 ಎಂಬ ಹೊಗೆಮಿತಿಯ ನಿಯಮ 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಮಾತ್ರ ಬಂತು, ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹುಬ್ಬಳ್ಳಿಯಲ್ಲಿ ಕೊಂಡ ನನ್ನದು ಬಿಎಸ್-3 ಗಾಡಿ. ಅದಕ್ಕೆ ಕಿಲೋಮೀಟರಿಗೆ 0.05 ಗ್ರಾಂ ಕಣಗಳ ಮಿತಿ ಇತ್ತು. 2020ರ ಬಿಎಸ್-6 ಡೀಸೆಲ್ ಕಾರಿನ ಮಿತಿ 0.0045 ಗ್ರಾಂ. ಕಾಗದದ ಮೇಲೆಯೇ ನನ್ನ ಒಂದು ಕಾರು ಹನ್ನೊಂದು ಹೊಸ ಕಾರುಗಳಿಗೆ ಸಮ. ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿದರೆ, ಹೊಸದಾಗಿದ್ದಾಗಲೇ 600 ಗ್ರಾಂ ಮಸಿ. ಅಡುಗೆಮನೆಯ ತಕ್ಕಡಿಗೆ ಇದು ದೊಡ್ಡ ತೂಕವಲ್ಲ. ಆದರೆ ನಮ್ಮ ರಾಷ್ಟ್ರೀಯ ಮಾನದಂಡದ ಪ್ರಕಾರ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. 600 ಗ್ರಾಂ ಮಸಿ ಒಂದೂವರೆ ಕೋಟಿ ಘನ ಮೀಟರ್ ಶುದ್ಧ ಗಾಳಿಯನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಒಬ್ಬ ಮನುಷ್ಯ ದಿನಕ್ಕೆ ಸುಮಾರು 11 ಘನ ಮೀಟರ್ ಗಾಳಿ ಉಸಿರಾಡುತ್ತಾನೆ ಎಂದು ಲೆಕ್ಕ ಹಿಡಿದರೆ, ಅದು 3,700 ಜನ ಇಡೀ ವರ್ಷ ಉಸಿರಾಡುವ ಗಾಳಿ. ಮಸಿಯೆಲ್ಲ ನಮ್ಮ ಮೂಗಿನ ಎತ್ತರದಲ್ಲೇ ನಿಲ್ಲುವುದಿಲ್ಲ, ಗಾಳಿಗೆ ಹಾರುತ್ತದೆ, ಮಳೆಗೆ ತೊಳೆದು ಹೋಗುತ್ತದೆ, ನಿಜ. ಒಂದು ಕಾರಿನ ಅಳತೆ ತಿಳಿಯಲೆಂದು ಈ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 40 ಅಲ್ಲ, 5.

ಕಣಗಳು ದೇಹಕ್ಕೆ ಮಾಡುವುದೇನು ಎಂಬುದರ ಬಗ್ಗೆ ವಿಜ್ಞಾನದಲ್ಲಿ ಈಗ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ 1988ರಲ್ಲಿ ಡೀಸೆಲ್ ಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿತ್ತು. 2012ರ ಜೂನ್‌ನಲ್ಲಿ ಆ ‘ಬಹುಶಃ’ ತೆಗೆದುಹಾಕಿ, ತಂಬಾಕು, ಕಲ್ನಾರುಗಳಿರುವ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಬಲವಾದ ಆಧಾರ ಒದಗಿಸಿದ್ದು ಅಮೆರಿಕದ ಎಂಟು ಗಣಿಗಳ 12,315 ಕಾರ್ಮಿಕರ ಅಧ್ಯಯನ. ಅವು ಕಲ್ಲಿದ್ದಲು ಗಣಿಗಳಲ್ಲ, ಲೋಹದ ಗಣಿಗಳೂ ಅಲ್ಲ. ಶ್ವಾಸಕೋಶಕ್ಕೆ ಹಾನಿ ಮಾಡುವ ಬೇರೆ ಧೂಳು ಕಡಿಮೆ ಇರುವ ಕಡೆ ನೋಡಬೇಕೆಂದೇ ಹಾಗೆ ಆರಿಸಿಕೊಂಡದ್ದು. ನೆಲದಡಿಯಲ್ಲಿ ಡೀಸೆಲ್ ಯಂತ್ರಗಳ ಹೊಗೆಗೆ ಅತಿ ಹೆಚ್ಚು ಒಡ್ಡಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಮೂರು ಪಟ್ಟು ಕಂಡಿತು.

ನಾವು ಗಣಿಯಲ್ಲಿಲ್ಲವಲ್ಲ ಎನ್ನಬಹುದು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್ ಗಣಿಯಲ್ಲ, ಅಂಗಡಿ ಬೀದಿ. ಆಗ ಅಲ್ಲಿ ಓಡಾಡುತ್ತಿದ್ದದ್ದು ಡೀಸೆಲ್ ಬಸ್ಸು ಮತ್ತು ಟ್ಯಾಕ್ಸಿಗಳು. ಸಂಶೋಧಕರು ಆಸ್ತಮಾ ಇರುವ 60 ಜನರನ್ನು ಒಂದು ದಿನ ಆ ಬೀದಿಯಲ್ಲಿ ಎರಡು ಗಂಟೆ ನಡೆಸಿದರು, ಇನ್ನೊಂದು ದಿನ ಹತ್ತಿರದ ಹೈಡ್ ಪಾರ್ಕಿನಲ್ಲಿ ಅಷ್ಟೇ ಹೊತ್ತು. ಬೀದಿಯಲ್ಲಿ ನಡೆದ ದಿನ ಅವರು ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಉಸಿರಿನ ಪ್ರಮಾಣ ಶೇಕಡ 6ರವರೆಗೆ ಕುಸಿಯಿತು, ಉದ್ಯಾನದಲ್ಲಿ ಇಳಿಕೆ ಅದಕ್ಕಿಂತ ಬಹಳ ಕಡಿಮೆ. 2007ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗಲೆಲ್ಲ ನನಗೆ ಕಾಣುವುದು ಬಸ್ ನಿಲ್ದಾಣದಲ್ಲಿ ದುಪಟ್ಟಾ ಮೂಗಿಗೆ ಒತ್ತಿಕೊಂಡು ನಿಂತ ಕಾಲೇಜು ಹುಡುಗಿಯರು. ಅವರು ಉಸಿರಾಡುವ ಗಾಳಿಯೂ ಒಳ್ಳೆಯದಲ್ಲ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಗಾಳಿಯ ಮಾನದಂಡ ಮುಟ್ಟದ ನಗರಗಳೆಂದು ಕರ್ನಾಟಕದಲ್ಲಿ ನಾಲ್ಕನ್ನು ಹೆಸರಿಸಿದೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ.

ಹಳೆಯ ಇಂಜಿನ್ ಹೊಗೆ ಹೆಚ್ಚು ಉಗುಳುವುದು ಯಾಕೆ? ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ಕಾದು ಕೆಂಡವಾಗುತ್ತದೆ. ಆ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಇಂಜೆಕ್ಟರಿನ ರಂಧ್ರ ತಲೆಗೂದಲಿಗಿಂತ ಕೊಂಚ ದಪ್ಪ. ಹಿಂದಿನಿಂದ ನೂಕುವ ಒತ್ತಡ 1,600 ಬಾರ್ ಆಸುಪಾಸು, ಅಂದರೆ ಕಾರಿನ ಟೈರಿನಲ್ಲಿರುವ ಒತ್ತಡದ ಎಂಟುನೂರು ಪಟ್ಟು. ಸಿಂಪಡಿಕೆ ಮುಗಿಯಬೇಕಾದದ್ದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಇಷ್ಟು ನಾಜೂಕಿನ ಸೂಜಿ ಎರಡು ಲಕ್ಷ ಕಿಲೋಮೀಟರ್ ಹೊತ್ತಿಗೆ ಕೋಟ್ಯಂತರ ಸಲ ತೆರೆದು ಮುಚ್ಚಿರುತ್ತದೆ. ತುದಿ ಸವೆದರೆ ಮಂಜಿನಂತೆ ಹೊಮ್ಮಬೇಕಾದ ಡೀಸೆಲ್ ಹನಿಹನಿಯಾಗಿ ಬೀಳುತ್ತದೆ. ದೊಡ್ಡ ಹನಿಯ ಹೊರಮೈ ಉರಿಯುತ್ತದೆ, ಒಡಲು ಅರೆಬೆಂದು ಮಸಿಯಾಗುತ್ತದೆ. ಹಸಿ ಸೌದೆಯ ಒಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1951ರಲ್ಲಿ ಶುರುವಾದ ಮೈಕೊ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ದಶಕಗಳ ಕಾಲ ಡೀಸೆಲ್ ಪಂಪು ಮತ್ತು ನಾಜಲ್‌ಗಳನ್ನು ತಯಾರಿಸಿತು. ಕಂಪನಿಯ ಹೆಸರು ಬಾಷ್ ಎಂದಾದರೂ ಊರಿನ ಒಂದು ಬಡಾವಣೆಗೆ ಮೈಕೊ ಹೆಸರೇ ಉಳಿದಿದೆ. ಪಂಪು-ನಾಜಲ್ ಕೆಲಸ ಬಲ್ಲ ಅಂಗಡಿಗಳು ರಾಜ್ಯದ ಊರೂರಲ್ಲಿ ಹುಟ್ಟಿಕೊಂಡವು. ಲಾರಿ, ಟ್ರ್ಯಾಕ್ಟರಿನ ಹಳೆಯ ನಾಜಲ್ಲನ್ನು ಕೈಪಂಪಿಗೆ ಹಾಕಿ, ಸಿಂಪಡಿಕೆ ಕಣ್ಣಾರೆ ನೋಡಿ ಸರಿಮಾಡುವ ಕೈಗಳು ಅವು. ಆದರೆ ನನ್ನ ಕಾರಿನಂಥವುಗಳಲ್ಲಿರುವ, ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಇಂಜೆಕ್ಟರಿಗೆ ಆ ಕಣ್ಣಳತೆ ಸಾಲದು. ಹಲವು ಇಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರ್ ಮೇಲೂ ಅದರದೇ ಒಂದು ಸಂಕೇತ ಕೊರೆದಿರುತ್ತದೆ. ತಯಾರಾದಾಗ ಅದು ಎಷ್ಟು ಡೀಸೆಲ್ ಬಿಡುತ್ತಿತ್ತು ಎಂಬುದರ ಗುರುತು ಅದು. ಗಾಡಿಯ ಕಂಪ್ಯೂಟರಿಗೆ ಆ ಸಂಕೇತ ತಿಳಿಸಿದರೆ ಮಾತ್ರ ಅದು ಸರಿಯಾದ ಅಳತೆ ಕೊಡುತ್ತದೆ. ಗುಜರಿಯಿಂದ ತಂದ ಇಂಜೆಕ್ಟರನ್ನು ಸಂಕೇತ ತುಂಬದೆ ಕೂರಿಸಿದರೆ, ಬೇರೆ ರೋಗಿಯ ಚೀಟಿ ನೋಡಿ ಔಷಧಿ ಕೊಟ್ಟಂತೆ. ಸಂಕೇತ ತುಂಬಿದರೂ ಅದು ಹೇಳುವುದು ಹುಟ್ಟಿದ ದಿನದ ಸ್ಥಿತಿ, ಮೂರು ಲಕ್ಷ ಕಿಲೋಮೀಟರಿನ ಸವೆತವನ್ನಲ್ಲ.

ಗುಜರಿ ವ್ಯಾಪಾರದ ಅಪಾಯ ಇರುವುದೇ ಇಲ್ಲಿ. ಕಾರಿಗೆ ಆರ್‌ಸಿ ಇದೆ, ಮೀಟರಿದೆ, ಸರ್ವಿಸ್ ಪುಸ್ತಕವಿದೆ. ಅದರಿಂದ ಬಿಚ್ಚಿದ ಭಾಗಕ್ಕೆ ಇದ್ಯಾವುದೂ ಇಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕಾರು ಬಿಚ್ಚುವ ಕೈಗಳ ವೇಗ ನೋಡಿದವರಿಗೆ ಗೊತ್ತು: ಮಧ್ಯಾಹ್ನ ಗಾಡಿಯಾಗಿದ್ದದ್ದು ಸಂಜೆಗೆ ಸಾಮಾನು. ಒಂದೇ ಇಂಜಿನ್ ಹಲವು ಹೆಸರಿನ ಕಾರುಗಳಲ್ಲಿರುವಾಗ ಈ ಪೇಟೆ ಇನ್ನೂ ಹಿಗ್ಗುತ್ತದೆ. ಪುಣೆ ಬಳಿಯ ರಂಜನಗಾಂವ್‌ನಲ್ಲಿ ತಯಾರಾಗುತ್ತಿದ್ದ ಫಿಯೆಟ್‌ನ 1.3 ಲೀಟರ್ ಡೀಸೆಲ್ ಇಂಜಿನ್ ಫಿಯೆಟ್, ಟಾಟಾ ಕಾರುಗಳಲ್ಲಿ ಇತ್ತು. ಅದೇ ವಿನ್ಯಾಸ ಮಾರುತಿ ಕಾರುಗಳಲ್ಲೂ ಇತ್ತು. 2020ರಲ್ಲಿ ಆ ಡೀಸೆಲ್ ಇಂಜಿನ್ನಿನ ಯುಗ ಇಲ್ಲಿ ಮುಗಿಯಿತು. ಕಾರುಗಳು ಮಾತ್ರ ಲಕ್ಷಗಟ್ಟಲೆ ಓಡುತ್ತಿವೆ. ಹೊಸ ಭಾಗ ದುಬಾರಿಯಾದಷ್ಟೂ, ಅಪರೂಪವಾದಷ್ಟೂ ಹಳೆಯ ಭಾಗಕ್ಕೆ ಗಿರಾಕಿ ಹೆಚ್ಚು. ಮೂರು ಲಕ್ಷ ಓಡಿದ ಟ್ಯಾಕ್ಸಿಯ ಟರ್ಬೊ, ಮನೆ-ಆಫೀಸು ಓಡುವ ಕಾರಿನೊಳಗೆ ಹೋಗಿ ಕೂರುತ್ತದೆ.

ಟರ್ಬೊ ಎಂದರೆ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುವ ಚಕ್ರ. ಅದನ್ನು ಹಿಡಿದಿರುವುದು ಆಯಿಲ್ಲಿನ ಒಂದು ತೆಳು ಪದರ. ಒಳಗಿನ ಸೀಲು ಸವೆದರೆ ಆಯಿಲ್ ಗಾಳಿಯ ದಾರಿಗೆ ಸೋರುತ್ತದೆ, ನೀಲಿ ಹೊಗೆ ಬರುತ್ತದೆ. ತೀರಾ ಕೆಟ್ಟ ದಿನ ಇಂಜಿನ್ ತನ್ನ ಆಯಿಲ್ಲನ್ನೇ ಇಂಧನವಾಗಿ ಉರಿಸುತ್ತ ಹುಚ್ಚೆದ್ದು ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಏಕೆಂದರೆ ಅದು ಕುಡಿಯುತ್ತಿರುವುದು ಡೀಸೆಲ್ಲನ್ನಲ್ಲ.

ಇನ್ನೂ ಭಯಂಕರವಾದದ್ದು ಏರ್‌ಬ್ಯಾಗ್. 2017ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಒಂದು ಸಾಧಾರಣ ಅಪಘಾತ ನಡೆಯಿತು. ಜೀವಕ್ಕೆ ಕುತ್ತು ತರುವ ಡಿಕ್ಕಿಯಲ್ಲ. ಆದರೆ ಏರ್‌ಬ್ಯಾಗ್ ಸಿಡಿದು ಲೋಹದ ಚೂರು ಕಾರು ಓಡಿಸುತ್ತಿದ್ದ ಯುವತಿಯ ಶ್ವಾಸನಾಳ ಹೊಕ್ಕಿತು. ಆಕೆಯ ಮನೆಯವರು ಆ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಹುಡುಕಿದಾಗ ತಿಳಿದದ್ದು, ಏರ್‌ಬ್ಯಾಗ್ ಆ ಕಾರಿನದೇ ಅಲ್ಲ, ಇನ್ನೊಂದು ಹಳೆಯ ಕಾರಿನಿಂದ ಬಿಚ್ಚಿ ತಂದು ಕೂರಿಸಿದ್ದು. ಅದರೊಳಗಿದ್ದದ್ದು ತಕಾಟಾ ಕಂಪನಿಯ ಇನ್‌ಫ್ಲೇಟರ್. ಅದರ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಒಡ್ಡಿಕೊಂಡರೆ ಕೆಟ್ಟು, ಉಬ್ಬಬೇಕಾದಲ್ಲಿ ಸ್ಫೋಟಿಸುತ್ತದೆ. ಜಗತ್ತಿನಾದ್ಯಂತ ಕೋಟಿಗಟ್ಟಲೆ ಇನ್‌ಫ್ಲೇಟರುಗಳನ್ನು ವಾಪಸು ಕರೆಸಬೇಕಾಯಿತು. ವಾಪಸಾತಿಯ ಪತ್ರ ಹೋಗುವುದು ಕಾರಿನ ನಂಬರಿಗೆ. ಕಾರಿನಿಂದ ಹೊರಬಂದ ಏರ್‌ಬ್ಯಾಗಿಗೆ ಪತ್ರ ತಲುಪುವುದಿಲ್ಲ. ಮಂಗಳೂರು, ಕಾರವಾರಗಳ ಸೆಕೆಯಲ್ಲಿ ಹದಿನೈದು ಮಳೆಗಾಲ ಕಳೆದ ಏರ್‌ಬ್ಯಾಗು ಯಾವ ಊರಿನ ಯಾರ ಎದೆಯ ಮುಂದೆ ಹೋಗಿ ಕೂರುತ್ತದೋ!

ಯುರೋಪ್ ಒಕ್ಕೂಟ 2005ರಲ್ಲೇ ಒಂದು ಪಟ್ಟಿ ಮಾಡಿತು: ಹಳೆಯ ಕಾರಿನಿಂದ ಬಿಚ್ಚಿ ಹೊಸ ಕಾರಿಗೆ ಬಳಸಬಾರದ ಭಾಗಗಳು. ಅದರಲ್ಲಿ ಏರ್‌ಬ್ಯಾಗ್ ಇದೆ, ಸೀಟ್ ಬೆಲ್ಟ್ ಇದೆ, ಸ್ಟೀರಿಂಗ್ ಲಾಕ್ ಇದೆ. ಜೊತೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಹೊಗೆಯ ಕಣ ಹಿಡಿಯುವ ಫಿಲ್ಟರ್ ಕೂಡ ಇವೆ. ಎದೆಯನ್ನು ಹೊರಗಿನಿಂದ ಕಾಯುವ ಭಾಗ, ಒಳಗಿನಿಂದ ಕಾಯುವ ಭಾಗ ಎರಡಕ್ಕೂ ಒಂದೇ ನ್ಯಾಯ. ನನಗೆ ಈ ಪಟ್ಟಿ ಬಹಳ ಸರಿ ಕಾಣುತ್ತದೆ.

ಹಾಗಾದರೆ ಕೊಯ್ದ ಡಬ್ಬಿ, ತಗಡು ಬಡಿದ ಕವಾಟಗಳನ್ನು ನಮ್ಮ ಎಮಿಷನ್ ಟೆಸ್ಟ್ ಹಿಡಿಯುವುದಿಲ್ಲವೇ? ಹಿಡಿಯುವುದಿಲ್ಲ. ಡೀಸೆಲ್ ಗಾಡಿಗೆ ನಡೆಯುವುದು ಹೊಗೆಯ ಕಪ್ಪಿನ ಪರೀಕ್ಷೆ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಹೊಗೆಯೊಳಗೆ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಿತೆಂದು ಅಳೆಯುತ್ತಾರೆ. ಬಿಎಸ್-4ಕ್ಕೂ ಹಿಂದಿನ ಗಾಡಿಗೆ ಮಿತಿ 2.45, ಬಿಎಸ್-4ಕ್ಕೆ 1.62. ಸಾರಜನಕದ ಆಕ್ಸೈಡನ್ನು ಈ ಯಂತ್ರ ಅಳೆಯುವುದೇ ಇಲ್ಲ, ಹಾಗಾಗಿ ತಗಡು ಬಡಿದ ಕವಾಟ ಪಾಸು. ಮಸಿಯ ಮೇಲಿನ ಜಿಡ್ಡನ್ನು ಅಳೆಯುವುದಿಲ್ಲ, ಹಾಗಾಗಿ ಡಬ್ಬಿ ಕೊಯ್ದ ಗಾಡಿಯೂ ಪಾಸು. ಬೆಳಕನ್ನು ತಡೆಯಲಾರದಷ್ಟು ಚಿಕ್ಕ ಕಣಗಳೂ ಲೆಕ್ಕಕ್ಕೆ ಸಿಗುವುದಿಲ್ಲ. ಶ್ವಾಸಕೋಶದ ಅತಿ ಆಳಕ್ಕೆ ಇಳಿಯುವವು ಆ ಚಿಕ್ಕ ಕಣಗಳೇ.

ಯುರೋಪ್ ಈ ಕುರುಡುತನವನ್ನು ಅನುಭವದಿಂದ ಕಲಿಯಿತು. ಅಲ್ಲಿನ ಈಚಿನ ಡೀಸೆಲ್ ಕಾರುಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಕಣಗಳನ್ನು ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡಬೇಕು. ಊರೊಳಗೆ ಚಿಕ್ಕ ಚಿಕ್ಕ ದೂರ ಓಡುವ ಗಾಡಿಯಲ್ಲಿ ಆ ಕಾವು ಬಾರದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊಸದಕ್ಕೆ ದುಡ್ಡು ಹೆಚ್ಚೆಂದು ಅಲ್ಲಿಯೂ ಜನ ತೆಗೆಸಿ ಹಾಕಿದರು. ತೆಗೆಸಿದ ಕಾರುಗಳೂ ಕಪ್ಪಿನ ಪರೀಕ್ಷೆಯಲ್ಲಿ ಪಾಸಾದವು. ಕೊನೆಗೆ ಬೆಲ್ಜಿಯಂ 2022ರಲ್ಲಿ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿ 2023ರಲ್ಲಿ ಕಣಗಳನ್ನು ಎಣಿಸುವ ಯಂತ್ರವನ್ನೇ ಪರೀಕ್ಷಾ ಕೇಂದ್ರಗಳಿಗೆ ತಂದವು. ನಮ್ಮಲ್ಲಿ 2020ರಿಂದ ಮಾರಾಟವಾದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಅದೇ ಫಿಲ್ಟರ್ ಇದೆ, ಮೊದಲು ಮಾರಿದವುಗಳ ವಾರಂಟಿ ಮುಗಿಯುತ್ತಿದೆ. ಇಂದು ನನ್ನ ಹಳೆಯ ಕಾರಿನ ಡಬ್ಬಿಗೆ ಬಂದ ಮಾತು ನಾಳೆ ಆ ಫಿಲ್ಟರಿಗೂ ಬರುತ್ತದೆ. ಆಗ ಹಾನಿ ಇನ್ನೂ ದೊಡ್ಡದು, ಏಕೆಂದರೆ ಬಿಎಸ್-6ರಿಂದ ಗಳಿಸಿದ ಹನ್ನೊಂದು ಪಟ್ಟಿನ ಲಾಭ ಬಹುಪಾಲು ನಿಂತಿರುವುದು ಆ ಒಂದು ಫಿಲ್ಟರಿನ ಮೇಲೆ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿ ಮಾಲೀಕ ಗಾಡಿಯನ್ನು ನಿಯಮ ಮೀರಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಮಾಲಿನ್ಯ ಮಾನದಂಡ ಮೀರಿದರೆ 10,000 ರೂಪಾಯಿವರೆಗೆ. ವಾಹನ ಗುಜರಿ ಕೇಂದ್ರಗಳ ನಿಯಮಗಳು 2021ರಲ್ಲಿ ಬಂದವು, ಆಯುಷ್ಯ ಮುಗಿದ ವಾಹನಗಳ ಹೊಣೆಯನ್ನು ತಯಾರಕರ ಮೇಲೂ ಹೊರಿಸುವ ನಿಯಮಗಳು 2025ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಆದರೆ ಎಫ್‌ಸಿಗೆ ಹೋದ ಕಾರಿನ ಕೆಳಗೆ ಬಗ್ಗಿ, ಡಬ್ಬಿ ಇದೆಯೇ, ಅದರೊಳಗೆ ಜೇನುಹುಟ್ಟು ಇದೆಯೇ, ಕವಾಟಕ್ಕೆ ತಗಡು ಬಡಿದಿದ್ದಾರೆಯೇ ಎಂದು ನೋಡುವ ರೂಢಿ ಬಾರದೆ ಈ ನಿಯಮಗಳು ಗ್ಯಾರೇಜಿನ ಮೂಲೆಯನ್ನು ಮುಟ್ಟಲಾರವು. ಅದಕ್ಕೆ ಬೇಕಾದದ್ದು ಒಂದು ಟಾರ್ಚು, ಐದು ನಿಮಿಷ. 2027ರ ಅಲೆ ಬರುವ ಮೊದಲೇ ರಾಜ್ಯದ ಸಾರಿಗೆ ಇಲಾಖೆ ಇದನ್ನು ಶುರುಮಾಡಬೇಕು, ದೊಡ್ಡ ನಗರಗಳಲ್ಲಾದರೂ ಕಣ ಎಣಿಸುವ ಯಂತ್ರ ತರಬೇಕು.

ಹಳೆಯ ಕಾರು ಇಟ್ಟುಕೊಳ್ಳುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಹೊಸ ಕಾರು ತಯಾರಿಸಲು ಉಕ್ಕು, ಅಲ್ಯೂಮಿನಿಯಂ, ವಿದ್ಯುತ್ತು ಎಲ್ಲ ಬೇಕು, ಅದರ ಹೊಗೆಯೂ ಇನ್ನೆಲ್ಲೋ ಏರುತ್ತದೆ. ಇರುವುದನ್ನು ಜೋಪಾನ ಮಾಡುವುದು ನಮ್ಮ ಮಧ್ಯಮ ವರ್ಗದ ಒಳ್ಳೆಯ ಗುಣ. ಬಾಗಿಲು, ಗಾಜು, ಬಂಪರ್, ಸೀಟು, ಆಲ್ಟರ್ನೇಟರ್ ಬಿಚ್ಚಿ ಮಾರಿದರೆ, ಕೊಂಡರೆ ಯಾರ ಶ್ವಾಸಕೋಶಕ್ಕೂ ತೊಂದರೆಯಿಲ್ಲ. ಕಾಲಕ್ಕೆ ಸರಿಯಾಗಿ ಆಯಿಲ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿದ, ಇಂಜೆಕ್ಟರನ್ನು ಯಂತ್ರಕ್ಕೆ ಹಾಕಿ ಪರೀಕ್ಷಿಸಿದ ಹಳೆಯ ಗಾಡಿ, ನಿರ್ಲಕ್ಷಿಸಿದ ಗಾಡಿಗಿಂತ ಎಷ್ಟೋ ಮೇಲು. ಹೊಗೆ ಉಗುಳುವುದರಲ್ಲಿ ಎಲ್ಲ ವಾಹನಗಳೂ ಸಮಾನವಲ್ಲ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ರಸ್ತೆ ಬದಿಯಿಂದ ಬೆಳಕು ಹಾಯಿಸಿ ಓಡುವ ಕಾರುಗಳ ಹೊಗೆ ಅಳೆದಾಗ, ಒಟ್ಟು ಇಂಗಾಲದ ಮಾನಾಕ್ಸೈಡಿನ ಸುಮಾರು ಅರ್ಧದಷ್ಟನ್ನು ಹತ್ತರಲ್ಲಿ ಒಂದು ಕಾರು ಉಗುಳುತ್ತಿತ್ತು. ಅವು ಹೆಚ್ಚಿನವು ಪೆಟ್ರೋಲ್ ಗಾಡಿಗಳು, ಆದರೂ ಮಾತು ಇಲ್ಲಿಗೂ ಸಲ್ಲುತ್ತದೆ. ಕೆಟ್ಟ ಕೆಲವನ್ನು ಸರಿಪಡಿಸಿದರೆ ಗಾಳಿ ಬಹಳಷ್ಟು ತಿಳಿಯಾಗುತ್ತದೆ.

ಈ ಹೊಗೆ ಮೊದಲು ಕುಡಿಯುವವರು ಗ್ಯಾರೇಜಿನವರೇ. ನನಗೆ ಡಬ್ಬಿ ತೋರಿಸಿದ ಮಿಸ್ತ್ರಿ ದಿನಕ್ಕೆ ಹತ್ತು ತಾಸು ಶೆಟರ್ ಅರ್ಧ ಎಳೆದ ಜಾಗದಲ್ಲಿ ಇಂಜಿನ್ ಸ್ಟಾರ್ಟ್ ಮಾಡಿಟ್ಟು ಕೆಲಸ ಮಾಡುತ್ತಾರೆ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಹುಡುಗನಿಗೆ ಹದಿನೆಂಟೂ ದಾಟಿರಲಿಕ್ಕಿಲ್ಲ. ಗಣಿಯ ಅಧ್ಯಯನದ ನೆಲದಡಿಯ ಕಾರ್ಮಿಕರಿಗೆ ನಮ್ಮಲ್ಲಿ ತೀರಾ ಹತ್ತಿರದವರು ಯಾರಾದರೂ ಇದ್ದರೆ ಅದು ಇವರು. ಕಳೆದ ತಿಂಗಳು ಮತ್ತೆ ಹೋದಾಗ ಈ ಮಾತನ್ನು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗ ಯಾರೂ ಹೇಳಿಲ್ಲರಿ ಸರ” ಎಂದರು. ನಾನು ಇಂಜೆಕ್ಟರುಗಳನ್ನು ಪರೀಕ್ಷೆಗೆ ಕಳಿಸಲು ಹೇಳಿದ್ದೆ. ನಾಲ್ಕರಲ್ಲಿ ಎರಡು ಹನಿ ಬೀಳುತ್ತಿದ್ದವು. ಅವನ್ನು ಸರಿಮಾಡಿಸಿ, ಕವಾಟ ತೊಳೆಸಿದ ಮೇಲೆ ದಿಬ್ಬದ ಮೇಲಿನ ಕಪ್ಪು ಹೊಗೆ ನಿಂತಿತು. ಡಬ್ಬಿ ಅದರ ಜಾಗದಲ್ಲೇ ಇದೆ.

ನಿಮ್ಮಲ್ಲಿ ಹಳೆಯ ಡೀಸೆಲ್ ಕಾರಿದ್ದರೆ, ಮುಂದಿನ ಸಲ ಸರ್ವಿಸಿಗೆ ಬಿಟ್ಟಾಗ ದಯವಿಟ್ಟು ಒಮ್ಮೆ ಅದರ ಕೆಳಗೆ ಬಗ್ಗಿ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದರೆ ಕೊಳ್ಳುವ ಮೊದಲೇ ನೋಡಿ. ಡಬ್ಬಿ ಇಲ್ಲದಿದ್ದರೆ ಎಲ್ಲಿಗೆ ಹೋಯಿತೆಂದು ಕೇಳಿ.